ಏಳನೇ ಗಣಿಯ ಕಟ್ಟುಗಳು

ಕರಗಂಡದ ಕಡೆಯ ಆ ಕಲ್ಲಿದ್ದಲು ಊರಿನಲ್ಲಿ ತೋರ್ಗಿನ್‌ಳಷ್ಟು ಅಚ್ಚುಕಟ್ಟಿನ ವಕೀಲೆ ಇನ್ನೊಬ್ಬಳಿರಲಿಲ್ಲ. ಕೋರ್ಟು ಮೆಟ್ಟಿಲು ಹತ್ತುವವಳಲ್ಲ. ಗಣಿ ಕಂಪನಿಯೊಳಗೇ ಕೂತು, ಯಾವ ಕಾಗದ ಎಷ್ಟು ವರ್ಷ ಇರಬೇಕು, ಯಾವುದನ್ನು ಯಾರ ಕಣ್ಣಿಗೂ ಬೀಳದಂತೆ ನಾಶಮಾಡಬೇಕು ಎಂದು ನೋಡಿಕೊಳ್ಳುವವಳು. ಇಷ್ಟು ವರ್ಷದಲ್ಲಿ ಒಬ್ಬರಿಂದಲೂ ಒಂದು ಕೊಂಕುಮಾತು ಕೇಳಿರಲಿಲ್ಲ. ಅದೇ ತಲೆಗೇರಿತ್ತು ಅನ್ನಿ.

ಹೋದ ವರ್ಷ ಜನರ ಖಾಸಗಿ ವಿವರಗಳ ಕಾನೂನು ಬಿಗಿಯಾಯಿತು. ಕೆಲಸ ಬಿಟ್ಟವರ ಗುರುತಿನ ಚೀಟಿಯ ನಕಲು ಇಟ್ಟುಕೊಂಡರೆ ದಂಡ. ತನಿಖೆಯವರು ಬರುತ್ತಾರೆಂಬ ಸುದ್ದಿ ಸಿಕ್ಕಿದ್ದೇ ತಡ, ಮುಚ್ಚಿಹೋಗಿದ್ದ ಏಳನೇ ಗಣಿಯ ಕಟ್ಟುಗಳನ್ನೆಲ್ಲ ತೋರ್ಗಿನ್ ಕಾಗದ ಕತ್ತರಿಸುವ ಯಂತ್ರಕ್ಕೆ ಹಾಕಿಸಿದಳು. ಮೇಲೆ ‘ಗುರುತಿನ ನಕಲು’ ಎಂದು ಬರೆದಿತ್ತು, ನಿಜ. ಆದರೆ ಆ ಗಣಿಯ ಹಳೆ ಗುಮಾಸ್ತರಿಗೆ ಒಂದು ರೂಢಿಯಿತ್ತು: ಪ್ರತಿಯೊಬ್ಬನ ನಕಲಿನ ಬೆನ್ನಿಗೇ ಅವನ ಶ್ವಾಸಕೋಶ ತಪಾಸಣೆಯ ಚೀಟಿಗಳನ್ನೂ ಸೂಜಿದಾರದಿಂದ ಹೊಲಿದುಬಿಡುತ್ತಿದ್ದರು. ಅವನ್ನು ಒಂದು ಆಯುಸ್ಸಿನಷ್ಟು ಕಾಲ ಕಾದಿಡಬೇಕಿತ್ತು. ಒಂದೇ ಒಂದು ಕಟ್ಟು ಬಿಚ್ಚಿದ್ದರೆ ಸಾಕಿತ್ತು. ಬಿಚ್ಚಲಿಲ್ಲ, ಪುಣ್ಯಾತ್ಗಿತ್ತಿ. ತನಿಖೆಯವರು ಬೆನ್ನು ತಟ್ಟಿ ಹೋದರು.

ಈ ಚಳಿಗಾಲ ಸೆಯಿತ್ಕಾಲಿ ಬಂದ. ತೋರ್ಗಿನ್‌ಳ ಅಪ್ಪನ ಜೊತೆ ಏಳನೇ ಗಣಿಗೆ ಇಳಿಯುತ್ತಿದ್ದ ಮುದುಕ; ಅವಳ ಬಾಯಲ್ಲಿ ‘ಅತಾ’, ಅಂದರೆ ಅಜ್ಜ. ಅಪ್ಪ ಸತ್ತ ಮೇಲೆ ಅವಳಿಗೆ ಅನ್ನ ಹಾಕಿ ಓದಿಸಿದ್ದೂ ಅವನ ಮನೆಯೇ. ಅವನ ಹೆಂಡತಿ ಕುಲ್ಪಾಶ್ ಅವಳ ಬಟ್ಟಲಿಗೆ ಯಾವತ್ತೂ ತಳ ಮುಚ್ಚುವಷ್ಟೇ ಚಹಾ ಸುರಿದವಳು. ಕೂತಿರಬೇಕಾದವರಿಗೆ ಆ ಕಡೆ ಹಾಗೇ ಸುರಿಯುವುದು. ಬಟ್ಟಲು ತುಂಬಿಸಿ ಕೊಡುವುದು ಎದ್ದು ಹೋಗಬೇಕಾದವರಿಗೆ.

ಮುದುಕನಿಗೆ ಎರಡು ಮಾತಾಡಿದರೆ ಉಸಿರು ಕಟ್ಟುತ್ತಿತ್ತು. ಇದು ಗಣಿಯ ದೂಳಿನ ರೋಗವೆಂದು ರುಜುವಾತಾದರೆ ಉಸಿರಾಟದ ಯಂತ್ರ ಕೊಡುತ್ತೇವೆ ಎಂದಿದ್ದರು ವೈದ್ಯ ಮಂಡಳಿಯವರು.

“ತಪಾಸಣೆ ಚೀಟಿ ನಿನ್ ಹತ್ರಾನೇ ಇರುತ್ತಲ್ಲ ಮಗಳೇ, ನನಗೇನ್ ಚಿಂತೆ,” ಎಂದು ನಕ್ಕು ಹೋದ.

ಹಳೆ ದಾಖಲೆ ಪಟ್ಟಿ ತೆಗೆದು ನೋಡಿದಾಗಲೇ ತೋರ್ಗಿನ್‌ಳಿಗೆ ತಿಳಿದದ್ದು: ಚೀಟಿಗಳೂ ಆ ಕಟ್ಟುಗಳಲ್ಲೇ ಇದ್ದವು. ಗಣಿಯ ಆಸ್ಪತ್ರೆ ಎಂದೋ ಮುಚ್ಚಿತ್ತು. ಜಿಲ್ಲಾ ದಾಖಲೆ ಕಚೇರಿಯಲ್ಲೂ ಏನೂ ಇರಲಿಲ್ಲ. ಸಾಕ್ಷಿ ಹೇಳಬೇಕಾದವರೆಲ್ಲ ಮಣ್ಣಾಗಿದ್ದರು. ದಾಖಲೆ ಸಿಗಲಿಲ್ಲ ಎಂದು ಬರೆದು ಕೈತೊಳೆದುಕೊಳ್ಳಿ ಎಂದ ಕಂಪನಿಯ ನಿರ್ದೇಶಕ. ಅವಳು ಕೇಳಲಿಲ್ಲ, ನಾಶಮಾಡಿಸಿದ್ದು ನಾನೇ ಎಂದು ಮಂಡಳಿಗೆ ಬರೆದು ರುಜು ಹಾಕಿದಳು. ಕೆಲಸ ಹೋಯಿತು. ತಪ್ಪೊಪ್ಪಿಗೆ ರೋಗಕ್ಕೆ ಪುರಾವೆಯಲ್ಲ ಎಂದು ಮಂಡಳಿ ಆ ಕಾಗದವನ್ನೂ ವಾಪಸ್ಸು ಕಳಿಸಿತು. ಸತ್ಯ ಹೇಳಿ ಇಬ್ಬರೂ ಕೆಟ್ಟರು, ಇನ್ನೇನು ಹೇಳಲಿ.

ಕೊನೆಗೆ ಅವಳೇ ಆ ಮನೆಗೆ ಹೋದಳು. ಕುಲ್ಪಾಶ್ ಎಂದಿನಂತೆ ಬಟ್ಟಲಿಗೆ ಎರಡು ಗುಟುಕು ಸುರಿದು ಕೂರಿಸಿದಳು.

“ಅತಾ, ಚೀಟಿ ಇಲ್ಲ. ನಾನೇ ಚೂರು ಮಾಡಿಸ್ಬಿಟ್ಟೆ. ಕಟ್ಟು ಬಿಚ್ಚಿ ನೋಡ್ಲಿಲ್ಲ.”

ಮುದುಕ ಬಹಳ ಹೊತ್ತು ಕೆಮ್ಮಿದ. ಕೆಮ್ಮು ನಿಂತ ಮೇಲೆ ಬೈಯಲಿಲ್ಲ, ಒಂದೇ ಕೇಳಿದ: “ನಿಮ್ಮಪ್ಪಂದೂ ಅದ್ರಲ್ಲೇ ಇತ್ತೇನೆ?”

“ಇತ್ತು.”

ಅವನು ಗೋಡೆಯ ಕಡೆ ಹೊರಳಿ ಮಲಗಿದ. ಕುಲ್ಪಾಶ್ ತೋರ್ಗಿನ್‌ಳ ಕೈಯಿಂದ ಬಟ್ಟಲು ತೆಗೆದುಕೊಂಡು, ಅಂಚಿನವರೆಗೆ ಚಹಾ ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು ಅವಳ ಮುಂದಿಟ್ಟಳು.