ಎರೆಹೊಲದಲ್ಲಿ ಆಪೂಸು

ನಾನು ತಂಬೂರಿನ ಕಡೆಯ ಕೆಂಪು ಮಣ್ಣಿನಲ್ಲಿ ಬೆಳೆದವಳು. ಅಲ್ಲಿ ಮಾವಿನ ಗೊರಟೆ ಎಸೆದಲ್ಲೆಲ್ಲ ಗಿಡ ಏಳುತ್ತದೆ. ಕುಂದಗೋಳ ತಾಲೂಕಿನ ಕಪ್ಪು ಮಣ್ಣಿನ ಎರೆಹೊಲದ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಆ ಧಿಮಾಕು ಹೋಗಿರಲಿಲ್ಲ. ತವರಿನಿಂದ ಆಪೂಸು ಮಾವಿನ ಕಸಿ ಸಸಿಗಳನ್ನು ತಂದು ಹೊಲದ ಒಂದು ಮಗ್ಗುಲಿಗೆ ಸಾಲಾಗಿ ನೆಟ್ಟೆ. ಕಡಲೆ, ಜೋಳ, ಮೆಣಸಿನಕಾಯಿ ಬಿಟ್ಟರೆ ಬೇರೇನೂ ಬೆಳೆಯಲ್ಲವೆಂದು ನಂಬಿದ ನಮ್ಮ ಯಜಮಾನರು ಆವತ್ತೇ ಹೇಳಿಬಿಟ್ಟರು: "ನಿನ್ನ ಹಟಕ್ಕ ಹಚ್ಚೀದಿ. ಒಣಗಿದ್ರ ಕಿತ್ತು ಕಡ್ಲಿ ಬಿತ್ತತೇನಿ ನೋಡು."

ಮರುವರ್ಷವೇ ಮಳೆ ಕೈಕೊಟ್ಟಿತು. ಹೊಲ ಮೊಳಕೈ ತೂರುವಷ್ಟು ಬಿರುಕು ಬಿಟ್ಟಿತು. ಕೃಷಿಹೊಂಡದ ತಳದಲ್ಲಿದ್ದ ನೀರನ್ನು ಕೊಡದಲ್ಲಿ ಹೊತ್ತು ಸಸಿಗಳಿಗೆ ಹಾಕುತ್ತ ಹೋದೆ. ಒಂದು ಸಂಜೆ ಅತ್ತೆ ಬದುವಿನ ಮೇಲೆ ನಿಂತು ನೋಡಿ, "ಗಿಡಕ್ಕ ಹಾಕಾಕತ್ತೀಯೋ ಪಾತಾಳಕ್ಕೋ?" ಎಂದರು. ಬಗ್ಗಿ ನೋಡಿದೆ. ಸುರಿದ ನೀರೆಲ್ಲ ಬುಡದ ಪಕ್ಕದ ಬಿರುಕಿನಲ್ಲಿ ಗಳಗಳ ಇಳಿದು ಮಾಯವಾಗುತ್ತಿತ್ತು. ಸಿಟ್ಟಿಗೆ ಕೊಡವನ್ನು ಅಲ್ಲೇ ಕುಕ್ಕಿ ಮನೆಗೆ ಬಂದೆ.

ಬೆಳಿಗ್ಗೆ ಯಜಮಾನರು ಎತ್ತು ಹೂಡಿ ಸಾಲಿನ ನಡುವೆ ಕುಂಟೆ ಹೊಡೆದರು. ಮೇಲ್ಮಣ್ಣು ಪುಡಿಯಾಗಿ ಬಿರುಕುಗಳಿಗೆ ಬಿತ್ತು. ಬುಡದ ಹತ್ತಿರದ ಬಿರುಕುಗಳನ್ನು ಕೈಯಿಂದಲೇ ಮುಚ್ಚಿದರು. ಅದರ ಮೇಲೆ ಒಣಕಸ ಹೊದಿಸಿ ನೀರು ಹಾಕಿದೆ. ನೀರು ಬುಡದಲ್ಲೇ ನಿಂತು ಇಂಗಿತು.

ಆದರೂ ಎಲೆಗಳು ಉದುರಿದವು. "ಕಟಗಿ ಆದ್ವು" ಎಂದರು ಅತ್ತೆ. ನಾನು ಉಗುರಿನಿಂದ ತೊಗಟೆ ಕೆರೆದು ನೋಡಿದೆ. ಒಳಗೆ ಹಸಿರಿತ್ತು. ಎಲೆ ಸಾಕಲು ಆಗದೆ ಗಿಡ ಮನೆಖರ್ಚು ಕಡಿಮೆ ಮಾಡಿಕೊಂಡಿತ್ತು, ಅಷ್ಟೇ.

ಮುಂದಿನ ಮುಂಗಾರು ಚೆನ್ನಾಗಿ ಹಿಡಿಯಿತು. ಗಿಡಗಳು ಕೆಲವು ವಾರ ಸುಮ್ಮನಿದ್ದು, ಆಮೇಲೆ ತಾಮ್ರದ ಬಣ್ಣದ ಚಿಗುರು ಬಿಟ್ಟವು. ಕೆಲಸ ಬಿಟ್ಟು ಅಲ್ಲೇ ಕೂತು ನೋಡುವಷ್ಟು ಸಂತೋಷವಾಯಿತು ನನಗೆ. ಕೊನೆಯದೊಂದು ಮಾತ್ರ ಕಸಿಗಂಟಿನ ಮೇಲೆ ಪೂರ್ತಿ ಒಣಗಿ, ಗಂಟಿನ ಕೆಳಗೆ ಚಿಗುರಿತ್ತು. ಗಂಟಿನ ಮೇಲಿನದು ಆಪೂಸು, ಕೆಳಗಿನದು ಕಾಡುಮಾವು. ಅದನ್ನು ಬೆಳೆಸಿದರೆ ನಾನು ಬಯಸಿದ ಹಣ್ಣು ಸಿಗುವುದಿಲ್ಲ. "ಅದೊಂದನ್ನ ಕಿತ್ತ ಒಗೀರಿ, ಅಲ್ಲಿ ಬ್ಯಾರೇದು ಹಚ್ಚತೇನಿ" ಎಂದು ಯಜಮಾನರಿಗೆ ನಾನೇ ಹೇಳಿದೆ.

ಹಿಂಗಾರಿ ಬಿತ್ತನೆಯ ದಿನ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದೆ. ಕಡಲೆಯ ಸಾಲುಗಳು ಪ್ರತಿ ಗಿಡದ ಸುತ್ತ ಒಂದಿಷ್ಟು ಜಾಗ ಬಿಟ್ಟು ಹೋಗಿದ್ದವು. ನಾನು ಕೀಳಲು ಹೇಳಿದ್ದ ಕೊನೆಯ ಗಿಡದ ಸುತ್ತಲೂ ಹಾಗೇ ಜಾಗವಿತ್ತು. ಮೇಲಾಗಿ, ಆಡು ಬಾಯಿ ಹಾಕದಂತೆ ಜಾಲಿಮುಳ್ಳಿನ ಬೇಲಿಯೂ ಇತ್ತು.

"ಇದನ್ನ್ಯಾಕ ಕೀಳಲಿಲ್ರಿ?"

"ಇಂಥಾ ಬರದಾಗ ಬದುಕೇತಿ. ಇರ್ಲಿ ಬಿಡು."

"ಹುಳಿಕಾಯಿ ಬಿಡತೈತ್ರಿ ಅದು."

"ಉಪ್ಪಿನಕಾಯಿ ಹಾಕಿದ್ರಾತು. ನೀ ಮಾತ್ರ ಅದರ ತಂಟೇಕ ಹೋಗಬ್ಯಾಡ."

ನನಗೆ ನಗು ಬಂತು, ಕಣ್ಣೂ ತುಂಬಿತು. ಗಿಡ ಕೀಳುತ್ತೇನೆಂದು ನನ್ನನ್ನು ಹೆದರಿಸುತ್ತಿದ್ದ ಮನುಷ್ಯ ಈಗ ಅದನ್ನು ನನ್ನಿಂದಲೇ ಕಾಯುತ್ತಿದ್ದರು.