ಐದು ಕುಶನ್ ಕವರು, ಒಂದು ಹೂವಿನ ಸೀರೆ

"ಈ ಕವರು ಎಲ್ಲಿ ತಕೊಂಡ್ರಿ ಅತ್ತಿಗೆ?"

ಕಳೆದ ಭಾನುವಾರ ನನ್ನ ನಾದಿನಿ ಸರೋಜ ಕೇಳಿದ ಪ್ರಶ್ನೆ ಇಷ್ಟೇ. ನಾನು ಥಟ್ಟನೆ ಸುಳ್ಳು ಹೇಳಿದೆ. "ಆನ್‌ಲೈನ್‌ನಲ್ಲಿ."

ನಿಜವಾಗಿ ಅದು ಬೀರುವಿನಲ್ಲಿ ವರ್ಷಗಟ್ಟಲೆ ಮಡಚಿದಂತೆಯೇ ಇದ್ದ ಕಾಟನ್ ಸೀರೆ. ಕೆನೆ ಬಣ್ಣದ ಮೇಲೆ ಕೆಂಪು ಹೂವು. ಯಾರು ಕೊಟ್ಟದ್ದೆಂದು ನೆನಪಿರಲಿಲ್ಲ. ಕೆಜಿಎಫ್‌ನ ನಮ್ಮ ಕ್ವಾರ್ಟರ್ಸಿನ ಸೋಫಾ ನೋಡಿ ನೋಡಿ ಬೇಜಾರಾಗಿ, ಆಂಡರ್ಸನ್‌ಪೇಟೆಯ ಟೈಲರ್ ಹತ್ತಿರ ಐದು ಕುಶನ್ ಕವರ್ ಹೊಲಿಸಿದ್ದೆ. ಹಾಲ್‌ಗೆ ಕಳೆ ಬಂದಿತ್ತು. (ಹಳೇ ಸೀರೆ ಎಂದು ಹೇಳಲು ನಾಚಿಕೆ. ನಿಮಗೆ ಆಗುವುದಿಲ್ಲವೇ?)

ಸರೋಜ ಹೂವಿನ ಮೇಲೆ ಒಮ್ಮೆ ಕೈಯಾಡಿಸಿದಳು. "ಅಂಗಾ? ನಂಗೂ ಬೇಕು, ಲಿಂಕ್ ಕಳ್ಸಿ," ಎಂದವಳು ಬಂಗಾರಪೇಟೆಯ ಬಸ್ ಹತ್ತಿದಳು.

ಅವಳು ಹೋದ ಮೇಲೆ ನನ್ನ ಗಂಡ ಪೇಪರ್ ಮಡಚಿದರು. "ಅದು ಅಮ್ಮ ತಂದಿದ್ ಸೀರೆ ಅಲ್ವಾ? ನಿಂಗೊಂದು, ಸರೋಜಂಗೊಂದು. ಎರಡೂ ಒಂದೇ ತರದ್ದು."

"ಮೊದಲೇ ಹೇಳಬಾರದಿತ್ತಾ?"

"ನೀನೆಲ್ಲಿ ಕೇಳ್ದೆ?"

ಅತ್ತೆ ತೀರಿಕೊಂಡು ಎರಡು ವರ್ಷ. ಅಂಥದ್ದೇ ಸೀರೆ ತನ್ನ ಬಳಿಯೂ ಇರುವಾಗ ಸರೋಜಳಿಗೆ ಗುರುತು ಸಿಗದಿರುತ್ತದೆಯೇ? ಹಾಗಿದ್ದರೆ ಲಿಂಕ್ ಕೇಳಿದ್ದೇಕೆ? ಚುಚ್ಚಿದಳೇ? ಮರುದಿನ ವಾಟ್ಸಾಪ್‌ನಲ್ಲಿ ಒಂದೇ ಪದ: "ಲಿಂಕ್?" ಪಕ್ಕದಲ್ಲಿ ಒಂದು ಸ್ಮೈಲಿಯಾದರೂ ಬೇಡವೇ? ಸಿಟ್ಟೋ ತಮಾಷೆಯೋ, ಹೇಗೆ ತಿಳಿಯಬೇಕು?

ಬುಧವಾರ ಐದೂ ಕವರ್ ಬಿಚ್ಚಿ, ಒಗೆದು, ಇಸ್ತ್ರಿ ಮಾಡಿ ಬಂಗಾರಪೇಟೆಗೆ ಹೊರಟೆ. ಅವಳ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಎಲ್ಲ ಒಪ್ಪಿಕೊಂಡೆ.

"ಗೊತ್ತು ಅತ್ತಿಗೆ," ಎಂದಳು. "ನೋಡಿದ್ ತಕ್ಷಣ ಗೊತ್ತಾಯ್ತು."

"ಮತ್ತೆ ಲಿಂಕ್ ಯಾಕೆ ಕೇಳಿದೆ?"

"ನೀವು ಆನ್‌ಲೈನ್ ಅಂದ್ರಲ್ಲ, ನಾನೇ ತಪ್ಪು ತಿಳ್ಕಂಡಿರ್ಬೌದು, ಆ ಬಟ್ಟೆ ಇನ್ನೂ ಎಲ್ಲಾದ್ರೂ ಸಿಗ್ತದೇನೋ ಅನ್ನಿಸ್ತು. ಅಮ್ಮ ತೀರ್ಕಂಡ ಮ್ಯಾಲೆ ನಂದು ಉಟ್ಟೂ ಉಟ್ಟೂ ಅರ್ದೋಯ್ತು."

ಐದೂ ಕವರ್ ಅವಳ ಮಡಿಲಿಗೆ ಹಾಕಿದೆ. ಮುಟ್ಟಿ ನೋಡಿದಳು. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಒಂದನ್ನು ಇಟ್ಟುಕೊಂಡು ನಾಲ್ಕು ವಾಪಸ್ ಕೊಟ್ಟಳು. "ನಿಮ್ಮನೇಲೇ ಇರ್ಲಿ. ಬಂದಾಗ ಒರಗಿ ಕೂತ್ಕತೀನಿ." ಕಾಫಿಗೆ ಹಾಲಿಡಲು ಒಳಗೆ ಹೋದವಳು ತುಂಬ ಹೊತ್ತು ಹೊರಗೆ ಬರಲಿಲ್ಲ.

ಕ್ಷಮಿಸಿದಳೋ ಇಲ್ಲವೋ, ನನಗಿನ್ನೂ ಗೊತ್ತಾಗಿಲ್ಲ. ಆ ಸೀರೆಗೆ ಕತ್ತರಿ ಹಾಕಿದ್ದು ನನ್ನ ತಪ್ಪೋ, ಅಷ್ಟು ವರ್ಷ ಒಂದು ಸಲವೂ ಉಡದಿದ್ದದ್ದೋ?