ಪಟ್ಟದ ಗೊಂಬೆಗಳೂ ಪಿರಮಿಡ್ಡೂ

ನಮ್ಮ ದೊಡ್ಡಪ್ಪನ ಪ್ರಕಾರ ಈಜಿಪ್ಟಿನವರು ಪಿರಮಿಡ್ ಕಟ್ಟುವುದನ್ನು ಕಲಿತದ್ದು ಮೈಸೂರಿನ ದಸರಾ ಗೊಂಬೆ ಕೂರಿಸುವುದನ್ನು ನೋಡಿ. ಕೆಳಗೆ ಅಗಲ, ಮೇಲೆ ಹೋದಂತೆ ಕಿರಿದು, ಮೆಟ್ಟಿಲು ಮೆಟ್ಟಿಲು. ಇನ್ನೇನು ಸಾಕ್ಷಿ ಬೇಕು? ನಮ್ಮ ಮೆಟ್ಟಿಲುಗಳ ಒಳಗಿದ್ದದ್ದು ಸೀಮೆಎಣ್ಣೆ ಡಬ್ಬ, ಹಳೇ ಟ್ರಂಕುಗಳು. ಅದರ ಬಗ್ಗೆ ಮಾತ್ರ ಅವರು ಬಾಯಿ ಬಿಡುತ್ತಿರಲಿಲ್ಲ. ತುದಿಯಲ್ಲಿ ಪಟ್ಟದ ರಾಜ-ರಾಣಿ. ತೀರಿಹೋದ ದೊಡ್ಡಮ್ಮ ಮದುವೆಯಾಗಿ ಬರುವಾಗ ತವರಿನಿಂದ ತಂದ ಮರದ ಜೋಡಿ.

ಅಪ್ಪ ಹೋದ ಮೇಲೆ ಕೃಷ್ಣಮೂರ್ತಿಪುರಂನ ಆ ಮನೆಯಲ್ಲಿ ನನ್ನನ್ನೂ ಅಮ್ಮನನ್ನೂ ಸಾಕಿದವರು ದೊಡ್ಡಪ್ಪ. ಐವತ್ತರ ದಶಕದ ಒಂದು ನವರಾತ್ರಿಯಲ್ಲಿ, ಗೊಂಬೆ ನೋಡುವ ನೆಪದಲ್ಲಿ, ಗಂಡಿನವರು ನನ್ನನ್ನು ನೋಡಲು ಬಂದರು. ಹುಡುಗ ಹೈಸ್ಕೂಲು ಮೇಷ್ಟ್ರು. ಅವನು ಚಾಪೆಯ ಮೇಲೆ ಕೂತದ್ದೇ ತಡ, ದೊಡ್ಡಪ್ಪ ಶುರುಮಾಡಿದರು.

“ದಸರಾ ಮುಗಿದ್ಮೇಲೆ ರಾಜ-ರಾಣೀನ ಏನ್ಮಾಡ್ತೀವಿ? ಮಲಗಿಸಿ, ಹಳೇ ಪಂಚೆ ಸುತ್ತಿ, ಪೆಟ್ಟಿಗೇಲಿಡ್ತೀವಿ. ಅಲ್ಲಿ ಮಮ್ಮಿ ಅಂತಾರಲ್ಲ, ಅದೇನ್ರೀ ಮತ್ತೆ? ನಮ್ಮಿಂದ ಕದ್ದಿದ್ದು ಕಣ್ರೀ!”

“ಹೌದು ಹೌದು,” ಎಂದ ಹುಡುಗ.

“ಪಿರಮಿಡ್ಡಿನ ಕಲ್ಲುಗಳನ್ನ ಮಂತ್ರ ಹಾಕಿ ತೇಲಿಸಿದ್ರು.”

“ಇರಬಹುದು, ಇರಬಹುದು.”

ನನಗೆ ಅನುಮಾನ ಹತ್ತಿತು. ಇದನ್ನೆಲ್ಲ ನಂಬಿದರೆ ಇವನು ಪೆದ್ದ; ನಂಬದೆ ಹೂಂಗುಟ್ಟುತ್ತಿದ್ದರೆ ಕಳ್ಳ. ಇಬ್ಬರಲ್ಲಿ ಯಾರನ್ನು ನಾನು ಕಟ್ಟಿಕೊಳ್ಳಬೇಕು? ದೊಡ್ಡಪ್ಪನೋ ಹಿಗ್ಗಿಹೋಗಿದ್ದರು, ಕಾಫಿ ಮುಗಿಯುವಷ್ಟರಲ್ಲಿ ಮಾತು ಕೊಟ್ಟೇಬಿಡುತ್ತಾರೆ ಅನ್ನಿಸಿತು. ನೋಡಲು ಬಂದವರ ಮುಂದೆ ಹೆಣ್ಣು ಬಾಯಿ ತೆರೆಯುವ ಕಾಲವಲ್ಲ ಅದು. ಆದರೂ ಲೋಟ ಕೊಡುತ್ತಾ ಕೇಳಿಯೇಬಿಟ್ಟೆ.

“ನಿಜವಾಗ್ಲೂ ನೀವು ಇದನ್ನೆಲ್ಲ ನಂಬ್ತೀರಾ?”

ಅಡುಗೆಮನೆ ಬಾಗಿಲಲ್ಲಿ ಅಮ್ಮ ಹಣೆ ಚಚ್ಚಿಕೊಂಡಳು. ಹುಡುಗನ ಕಿವಿ ಕೆಂಪಾಯಿತು.

“ಇಲ್ಲ,” ಎಂದ ಮೆಲ್ಲಗೆ. “ಹುಡುಗಿ ಮನೇಲಿ ಏನಂದ್ರೂ ಹೂಂ ಅನ್ನು ಅಂತ ನಮ್ಮಮ್ಮ ಹೇಳಿದ್ರು.”

ಪಕ್ಕದಲ್ಲಿದ್ದ ಅವನ ತಾಯಿ ಸೆರಗನ್ನು ಬಾಯಿಗಿಟ್ಟುಕೊಂಡರು. ದೊಡ್ಡಪ್ಪ ಎದ್ದು ಜಗಲಿಗೆ ಹೋದರು. ಗಂಡಿನವರು ಹೊರಟ ಮೇಲೂ ಒಳಗೆ ಬರಲಿಲ್ಲ. ಸಂಬಂಧ ತಪ್ಪಿಹೋಯಿತೆಂದು ಅಮ್ಮ ಅತ್ತಳು. ನನಗೂ ಅಳು ಬಂತು, ಕೆಂಪಾದ ಆ ಕಿವಿಗಳು ಇಷ್ಟವಾಗಿಬಿಟ್ಟಿದ್ದವು.

ವಿಜಯದಶಮಿಯ ಮರುದಿನ ದೊಡ್ಡಪ್ಪ ಎಂದಿನಂತೆ ಗೊಂಬೆಗಳಿಗೆ ಪಂಚೆ ಸುತ್ತಿದರು. ಉಳಿದವೆಲ್ಲ ಪೆಟ್ಟಿಗೆಗೆ ಹೋದವು. ಪಟ್ಟದ ಜೋಡಿಯನ್ನು ಮಾತ್ರ ತಂದು ನನ್ನ ಮಡಿಲಲ್ಲಿಟ್ಟರು.

“ಆ ಹುಡುಗನಿಗೆ ಸುಳ್ಳು ಹೇಳೋಕೆ ಬರಲ್ಲ. ಅವರ ಮನೆಗೆ ಹೋಗಿ ಒಪ್ಪಿಗೆ ಅಂತ ಹೇಳಿ ಬಂದ್ಬುಟ್ಟೆ. ಅವರೂ ಒಪ್ಪಿದ್ರು.”

ಅವನನ್ನು ಪರೀಕ್ಷೆ ಮಾಡಲೆಂದೇ ಇವರು ಅಷ್ಟೆಲ್ಲ ಬುರುಡೆ ಬಿಟ್ಟರೋ ಏನೋ!

“ಹಾಗಾದ್ರೆ ನಿಮ್ಮ ಪಿರಮಿಡ್ಡು?” ಎಂದೆ.

“ಅದು ನಿಜಾನೇ ಕಣಮ್ಮ,” ಎಂದರು, ಪಂಚೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾ. “ಆದ್ರೆ ಆ ಪೆದ್ದರು ರಾಜನ್ನ ಕಲ್ಲಿನೊಳಗೆ ಮುಚ್ಚಿಟ್ಬುಟ್ರು. ಮಗಳ ಜೊತೆ ಕಳಿಸ್ಬೇಕು ಅನ್ನೋದನ್ನ ಕಲೀಲೇ ಇಲ್ಲ.”